ತುಂಗಭದ್ರೆಯ ಕಣಿವೆ, ಸಂಡೂರಿನ ಗುಡ್ಡ: ಎತ್ತರದ ದತ್ತಾಂಶವನ್ನು ಬ್ರೌಸರಿನಲ್ಲಿ ಮೂರು ಆಯಾಮಗಳಲ್ಲಿ ನೋಡುವ ವಿಧಾನ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ನೆಲದ ಏರಿಳಿತವನ್ನು ತರಗತಿಯಲ್ಲಿ ತೋರಿಸಬೇಕೆಂದರೆ ನಮ್ಮಲ್ಲಿ ಬಹುತೇಕರ ಕೈಗೆ ಸಿಗುವುದು ಗೋಡೆಗೆ ತೂಗುಹಾಕಿದ ಸಪಾಟು ನಕ್ಷೆಯೊಂದೇ. ಆದರೆ ಇದೇ ನೆಲದ ಎತ್ತರವನ್ನು ಸುಮಾರು 30 ಮೀಟರಿಗೆ ಒಂದರಂತೆ ಅಳೆದಿಟ್ಟಿರುವ ದತ್ತಾಂಶ ಉಚಿತವಾಗಿ ದೊರೆಯುತ್ತದೆ. ಅದನ್ನು ಸಾಮಾನ್ಯ ಬ್ರೌಸರಿನಲ್ಲಿ ತಿರುಗಿಸಿ, ಹತ್ತಿರಕ್ಕೆ ತಂದು, ಬೇಕಾದ ಜಾಗದ ಮೇಲೆ ಒತ್ತಿ ಎತ್ತರವನ್ನು ಓದಿಕೊಳ್ಳುವಂಥ ದೃಶ್ಯವಾಗಿ ಮಾಡಿಕೊಳ್ಳಲು ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ. ಈ ಬರಹದಲ್ಲಿ ಆ ಕೆಲಸವನ್ನು ಮೊದಲಿನಿಂದ ವಿವರಿಸಿದ್ದೇನೆ. ಮೊದಲು ತುಂಗಭದ್ರಾ ಜಲಾಶಯದ ಸುತ್ತಲಿನ ನೆಲವನ್ನು ಕಟ್ಟಿ ಕೈ ಕುದುರಿಸಿಕೊಳ್ಳೋಣ. ಆಮೇಲೆ ಸಂಡೂರಿನ ಗುಡ್ಡಗಳಿಗೆ ಹೋಗಿ, 2000ನೇ ಇಸವಿಯಲ್ಲಿ ಅಳೆದ ನೆಲವನ್ನೂ ಹತ್ತು ಹನ್ನೆರಡು ವರ್ಷಗಳ ನಂತರ ಅಳೆದ ನೆಲವನ್ನೂ ಹೋಲಿಸಿ ನೋಡೋಣ.

ಆರಂಭದಲ್ಲೇ ಒಂದು ಮಾತು ಹೇಳಬೇಕು. ಮೂರು ಆಯಾಮದ ಚಿತ್ರವು ನೋಡುವವರನ್ನು ಬಹು ಬೇಗ ನಂಬಿಸಿಬಿಡುತ್ತದೆ. ಗುಡ್ಡ ಕಡಿದಾಗಿ ಕಂಡರೆ ಕಡಿದಾಗಿಯೇ ಇದೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಆದ್ದರಿಂದ ದೃಶ್ಯವನ್ನು ಕಟ್ಟುವ ಕ್ರಮಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೆಯೋ, ಅದನ್ನು ಪರೀಕ್ಷಿಸುವ ಕ್ರಮಕ್ಕೂ ಅಷ್ಟೇ ಜಾಗ ಕೊಟ್ಟಿದ್ದೇನೆ.

ಯಂತ್ರ ಮತ್ತು ಬ್ರೌಸರ್

ಬ್ರೌಸರಿನೊಳಗೆ ಮೂರು ಆಯಾಮದ ಚಿತ್ರ ಮೂಡುವುದು ವೆಬ್‌ಜಿಎಲ್ ಎಂಬ ವ್ಯವಸ್ಥೆಯಿಂದ. ಕ್ರೋನೋಸ್ ಗ್ರೂಪ್ ಇದರ ಮೊದಲ ಆವೃತ್ತಿಯನ್ನು 2011ರಲ್ಲಿ ಹೊರತಂದಿತು. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಇದನ್ನು ತಮ್ಮೊಳಗೇ ಇಟ್ಟುಕೊಂಡಿರುವುದರಿಂದ ನೋಡುವವರು ತಮ್ಮ ಯಂತ್ರಕ್ಕೆ ಏನನ್ನೂ ಸೇರಿಸಿಕೊಳ್ಳಬೇಕಾಗಿಲ್ಲ. ಕಾಲೇಜಿನ ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲಿ ದೃಶ್ಯ ತೀರ ನಿಧಾನವಾಗಿ ತಿರುಗಿದರೆ, ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ ಸಿಸ್ಟಂ ಎಂಬಲ್ಲಿ ಗ್ರಾಫಿಕ್ಸ್ ಆಕ್ಸಿಲರೇಷನ್ ಚಾಲೂ ಇದೆಯೇ ಎಂದು ಮೊದಲು ನೋಡಿ. ಗೆಟ್ ಡಾಟ್ ವೆಬ್‌ಜಿಎಲ್ ಡಾಟ್ ಆರ್ಗ್ ಎಂಬ ವಿಳಾಸವನ್ನು ತೆರೆದಾಗ ತಿರುಗುವ ಘನವೊಂದು ಕಂಡರೆ ಬ್ರೌಸರ್ ಈ ಕೆಲಸಕ್ಕೆ ಸಿದ್ಧವಾಗಿದೆ ಎಂದರ್ಥ.

ದೃಶ್ಯವನ್ನು ಸಿದ್ಧಪಡಿಸುವವರಿಗೆ ಮಾತ್ರ ಕ್ಯೂಜಿಐಎಸ್ ಎಂಬ ಉಚಿತ, ಮುಕ್ತ ನಕ್ಷಾ ತಂತ್ರಾಂಶ ಬೇಕು, ಮತ್ತು ಅದರೊಳಗೆ ಕ್ಯೂಜಿಐಎಸ್‌ಟುತ್ರೀಜೆಎಸ್ ಎಂಬ ಪ್ಲಗಿನ್ ಬೇಕು. ಈ ಪ್ಲಗಿನ್ ನಕ್ಷೆಯ ಪದರಗಳನ್ನು ತ್ರೀಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯಕ್ಕೆ ಒಗ್ಗುವಂತೆ ಬದಲಿಸಿ, ಪೂರ್ತಿ ದೃಶ್ಯವನ್ನು ವೆಬ್ ಪುಟವಾಗಿ ಬರೆದುಕೊಡುತ್ತದೆ. ಕ್ಯೂಜಿಐಎಸ್ ತೆರೆದು ಪ್ಲಗಿನ್ಸ್ ಪಟ್ಟಿಯಲ್ಲಿ ಪ್ಲಗಿನ್‌ಗಳನ್ನು ನಿರ್ವಹಿಸುವ ಕಿಟಕಿಗೆ ಹೋಗಿ, ಹೆಸರನ್ನು ಹುಡುಕಿ, ಇನ್‌ಸ್ಟಾಲ್ ಒತ್ತಿದರೆ ಸಾಕು. ಆಮೇಲೆ ಅದು ವೆಬ್ ಎಂಬ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಯಾವ ದತ್ತಾಂಶ, ಯಾವ ಕಾಲದ್ದು

ಎತ್ತರದ ದತ್ತಾಂಶವೆಂದರೆ ಒಂದು ಚೌಕುಳಿ ಹಾಳೆ ಇದ್ದಂತೆ. ಪ್ರತಿ ಚೌಕದಲ್ಲೂ ಆ ಜಾಗದ ಎತ್ತರ ಎಷ್ಟು ಮೀಟರ್ ಎಂಬ ಒಂದೇ ಒಂದು ಸಂಖ್ಯೆ ಇರುತ್ತದೆ. ನಮಗೆ ಮೊದಲು ಬೇಕಾಗುವುದು ಎಸ್‌ಆರ್‌ಟಿಎಂ ದತ್ತಾಂಶ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯು 11 ದಿನಗಳ ಯಾನದಲ್ಲಿ ರೇಡಾರ್ ಅಲೆಗಳನ್ನು ಬಿಟ್ಟು ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಅದರ ಫಲವನ್ನು ಒಂದು ಡಿಗ್ರಿ ಅಗಲ, ಒಂದು ಡಿಗ್ರಿ ಉದ್ದದ ತುಂಡುಗಳಾಗಿ ಹಂಚಲಾಗಿದೆ. ಪ್ರತಿ ತುಂಡಿನಲ್ಲಿ 3601 ಸಾಲು, 3601 ಕಂಬಸಾಲು, ಎಂದರೆ ಹತ್ತಿರ ಹತ್ತಿರ 1.3 ಕೋಟಿ ಎತ್ತರದ ಸಂಖ್ಯೆಗಳಿವೆ.

ನಮ್ಮ ಭಾಗದವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಉತ್ತರ ಅಕ್ಷಾಂಶ 15, ಪೂರ್ವ ರೇಖಾಂಶ 76 ಎಂದು ಹೆಸರಿಸಿದ ಒಂದೇ ತುಂಡಿನೊಳಗೆ ಬಳ್ಳಾರಿ ನಗರ, ಸಂಡೂರು, ಕುರುಗೋಡು, ಸಿರುಗುಪ್ಪ, ಹೊಸಪೇಟೆ, ಹಂಪಿ, ಆನೆಗೊಂದಿ, ಗಂಗಾವತಿ, ಕೊಪ್ಪಳ, ಕುಷ್ಟಗಿ, ಸಿಂಧನೂರು, ಮಸ್ಕಿ ಇಷ್ಟೂ ಊರುಗಳು ಕೂಡುತ್ತವೆ. ರಾಯಚೂರು ನಗರ ಮಾತ್ರ ಈಶಾನ್ಯಕ್ಕಿರುವ ಪಕ್ಕದ ತುಂಡಿನಲ್ಲಿದೆ. ಸಂಡೂರು ಶ್ರೇಣಿಯ ದಕ್ಷಿಣ ತುದಿಯೂ 15 ಡಿಗ್ರಿಯ ಗೆರೆ ದಾಟಿ ಕೆಳಗಿನ ತುಂಡಿಗೆ ಇಳಿಯುತ್ತದೆ. ಹೀಗೆ ಗೆರೆಯ ಎರಡೂ ಕಡೆ ಚಾಚಿರುವ ಜಾಗಗಳಿಗಾಗಿ ಇಡೀ ತುಂಡುಗಳನ್ನು ಇಳಿಸಿಕೊಂಡು ಜೋಡಿಸುವ ಬದಲು, ಬೇಕಾದ ಚೌಕವನ್ನಷ್ಟೇ ಕತ್ತರಿಸಿ ಕೊಡುವ ತಾಣವನ್ನು ಬಳಸುವುದು ಲೇಸು. ಅಮೆರಿಕದ ಓಪನ್‌ಟೋಪೋಗ್ರಫಿ ತಾಣ ಆ ಸೌಲಭ್ಯ ಕೊಡುತ್ತದೆ. ಉಚಿತವಾಗಿ ಹೆಸರು ನೋಂದಾಯಿಸಿಕೊಂಡು, ಜಾಗತಿಕ ದತ್ತಾಂಶಗಳ ಪಟ್ಟಿಯಲ್ಲಿ 30 ಮೀಟರಿನ ಎಸ್‌ಆರ್‌ಟಿಎಂ ಆಯ್ದು, ನಕ್ಷೆಯ ಮೇಲೆ ಚೌಕ ಎಳೆದೋ ಅಂಚುಗಳ ಅಕ್ಷಾಂಶ ರೇಖಾಂಶಗಳನ್ನು ಬರೆದೋ ಕೊಟ್ಟರೆ ಜಿಯೋಟಿಫ್ ಮಾದರಿಯ ಕಡತ ಸಿಗುತ್ತದೆ. ಮೊದಲ ದೃಶ್ಯಕ್ಕೆ ಉತ್ತರ 15.15ರಿಂದ 15.45, ಪೂರ್ವ 76.2ರಿಂದ 76.6ರವರೆಗಿನ ಚೌಕವನ್ನು ಕೇಳಿ. ಜಲಾಶಯದ ಅಣೆಕಟ್ಟಿನ ಸುತ್ತಲಿನ ಭಾಗ, ಅದರ ಎಡದಂಡೆಯ ಮುನಿರಾಬಾದ್, ಕೆಳಗೆ ಹಂಪಿ, ಆನೆಗೊಂದಿ, ಗಂಗಾವತಿ ಇದರೊಳಗೆ ಬರುತ್ತವೆ. ಸುಮಾರು 15.5 ಲಕ್ಷ ಚೌಕಗಳ ಈ ಕಡತ ಸಾಮಾನ್ಯ ಕಂಪ್ಯೂಟರಿಗೆ ಭಾರವಲ್ಲ.

ಇದೇ ಚೌಕಕ್ಕೆ ಕೋಪರ್ನಿಕಸ್ 30 ಮೀಟರ್ ದತ್ತಾಂಶವನ್ನೂ ಇಳಿಸಿಟ್ಟುಕೊಳ್ಳಿ. ಇದು ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ಜೋಡಿ ಉಪಗ್ರಹಗಳು 2010ರ ಕೊನೆಯಿಂದ 2015ರ ಆರಂಭದವರೆಗೆ ಅಳೆದ ಎತ್ತರಗಳಿಂದ ಸಿದ್ಧವಾದದ್ದು. ನಮ್ಮ ದೇಶದ್ದೇ ಆದ ಕಾರ್ಟೋಡೆಮ್ ದತ್ತಾಂಶ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭುವನ್ ತಾಣದಲ್ಲಿದೆ. 2005ರಲ್ಲಿ ಹಾರಿಬಿಟ್ಟ ಕಾರ್ಟೋಸ್ಯಾಟ್-1 ಉಪಗ್ರಹ ತೆಗೆದ ಜೋಡಿ ಚಿತ್ರಗಳಿಂದ ಅದನ್ನು ರೂಪಿಸಲಾಗಿದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಎಸ್‌ಆರ್‌ಟಿಎಂ ಮತ್ತು ಕೋಪರ್ನಿಕಸ್ ಎತ್ತರಗಳು ಸಮುದ್ರಮಟ್ಟಕ್ಕೆ ಸಮೀಪದ ಜಿಯಾಯ್ಡ್ ಎಂಬ ಮೇಲ್ಮೈಯಿಂದ ಎಣಿಸಿದವು. ಕಾರ್ಟೋಡೆಮ್ ಎತ್ತರಗಳು ಭೂಮಿಯ ಗಣಿತೀಯ ಆಕಾರವಾದ ದೀರ್ಘಗೋಳದ ಮೇಲ್ಮೈಯಿಂದ ಎಣಿಸಿದವು. ದಕ್ಷಿಣ ಭಾರತದಲ್ಲಿ ಈ ಎರಡು ಮೇಲ್ಮೈಗಳ ನಡುವೆ ಹಲವು ಹತ್ತು ಮೀಟರುಗಳ ಅಂತರವಿರುವುದರಿಂದ ಒಂದರ ಸಂಖ್ಯೆಯನ್ನು ಇನ್ನೊಂದರಿಂದ ನೇರವಾಗಿ ಕಳೆಯುವಂತಿಲ್ಲ.

ಕ್ಯೂಜಿಐಎಸ್ ಒಳಗಿನ ಸಿದ್ಧತೆ

ಇಳಿಸಿದ ಕಡತವನ್ನು ಕ್ಯೂಜಿಐಎಸ್ ಕಿಟಕಿಯೊಳಕ್ಕೆ ಎಳೆದು ಬಿಟ್ಟರೆ ಬೂದುಬಣ್ಣದ ಚಿತ್ರ ಮೂಡುತ್ತದೆ. ಇಲ್ಲಿ ಮಾಡಲೇಬೇಕಾದ ಕೆಲಸ ನಿರ್ದೇಶಾಂಕ ಪದ್ಧತಿಯನ್ನು ಬದಲಿಸುವುದು. ಮೂಲ ಕಡತದಲ್ಲಿ ಉದ್ದ ಅಗಲಗಳು ಡಿಗ್ರಿಯಲ್ಲಿವೆ, ಎತ್ತರ ಮಾತ್ರ ಮೀಟರಿನಲ್ಲಿದೆ. ಹಾಗೆಯೇ ದೃಶ್ಯ ಕಟ್ಟಲು ಹೋದರೆ ಅರ್ಧ ಡಿಗ್ರಿಗಿಂತ ಕಡಿಮೆ ಅಗಲದ ನೆಲದ ಮೇಲೆ ನೂರಾರು ಘಟಕ ಎತ್ತರದ ಸೂಜಿಗಳು ನಿಲ್ಲುತ್ತವೆ. ರಾಸ್ಟರ್ ಪಟ್ಟಿಯ ಪ್ರೊಜೆಕ್ಷನ್ಸ್ ಒಳಗಿನ ವಾರ್ಪ್ ಎಂಬ ಉಪಕರಣವನ್ನು ತೆರೆದು, ಗುರಿಯ ಪದ್ಧತಿಯಾಗಿ, ಉದ್ದ ಅಗಲಗಳನ್ನೂ ಮೀಟರಿನಲ್ಲೇ ಎಣಿಸುವ ಯುಟಿಎಂ ಪದ್ಧತಿಯ ಉತ್ತರ ವಲಯ 43 ಅನ್ನು, ಅಂದರೆ ಇಪಿಎಸ್‌ಜಿ 32643 ಸಂಖ್ಯೆಯದನ್ನು ಆಯ್ದುಕೊಳ್ಳಿ. ಪೂರ್ವ ರೇಖಾಂಶ 72ರಿಂದ 78ರವರೆಗಿನ ನೆಲವೆಲ್ಲ ಈ ವಲಯಕ್ಕೆ ಸೇರುವುದರಿಂದ ನಮ್ಮ ಮೂರೂ ಜಿಲ್ಲಾ ಕೇಂದ್ರಗಳಿಗೆ ಇದೊಂದೇ ಸಾಕಾಗುತ್ತದೆ. ಚೌಕದ ಅಳತೆಯನ್ನು 30 ಮೀಟರ್ ಎಂದೇ ಬರೆಯಿರಿ. ಮರುಲೆಕ್ಕದ ವಿಧಾನವಾಗಿ ಬೈಲೀನಿಯರ್ ಎಂಬುದನ್ನು ಆರಿಸಿ. ತಾನಾಗಿ ಆಯ್ಕೆಯಾಗಿರುವ ನಿಯರೆಸ್ಟ್ ನೈಬರ್ ವಿಧಾನವು ನುಣುಪಾದ ಇಳಿಜಾರುಗಳ ಮೇಲೆ ಮೆಟ್ಟಿಲಿನಂಥ ಗೆರೆಗಳನ್ನು ಬಿಡುತ್ತದೆ, ಮತ್ತು ಮೂರು ಆಯಾಮದಲ್ಲಿ ಬೆಳಕು ಬಿದ್ದಾಗ ಆ ಗೆರೆಗಳು ಎದ್ದು ಕಾಣುತ್ತವೆ. ಕೆಲಸ ಮುಗಿದ ಮೇಲೆ ಇಡೀ ಯೋಜನೆಯ ಪದ್ಧತಿಯನ್ನೂ ಇದೇ 32643ಕ್ಕೆ ಬದಲಿಸಿ. ಕಿಟಕಿಯ ಬಲಗಡೆಯ ಕೆಳಮೂಲೆಯಲ್ಲಿ ಆ ಸಂಖ್ಯೆ ಕಾಣುತ್ತಿರಬೇಕು.

ಎಲ್ಲಿಯಾದರೂ ನೆಲ ಪಾತಾಳಕ್ಕೆ ಕುಸಿದಂತೆ ಕಂಡರೆ ಅದು ಅಳತೆ ಸಿಗದ ಜಾಗ. ಎಸ್‌ಆರ್‌ಟಿಎಂ ಮೂಲ ಕಡತಗಳಲ್ಲಿ ಅಂಥ ಚೌಕಕ್ಕೆ ಋಣ 32768 ಎಂಬ ಸಂಖ್ಯೆಯನ್ನು ತುಂಬಿರುತ್ತಾರೆ. ಪದರದ ಗುಣಲಕ್ಷಣಗಳಲ್ಲಿ ಟ್ರಾನ್ಸ್‌ಪರೆನ್ಸಿ ಎಂಬಲ್ಲಿ ಆ ಸಂಖ್ಯೆಯನ್ನು ದತ್ತಾಂಶವಿಲ್ಲದ ಚೌಕವೆಂದು ಗುರುತಿಸಿದರೆ ಸರಿಹೋಗುತ್ತದೆ.

ಬಣ್ಣಕ್ಕಾಗಿ ಪದರದ ಸಿಂಬಾಲಜಿಯಲ್ಲಿ ಸಿಂಗಲ್‌ಬ್ಯಾಂಡ್ ಸ್ಯೂಡೋಕಲರ್ ಆಯ್ದು ವಿರಿಡಿಸ್ ಬಣ್ಣಪಟ್ಟಿಯನ್ನು ಕೊಡಿ. ಕಾಮನಬಿಲ್ಲಿನ ಬಣ್ಣಗಳ ಪಟ್ಟಿಯನ್ನು ಬಳಸದಿರಲು ನನ್ನ ಸಲಹೆ. ಹಳದಿ ಬಣ್ಣ ಬರುವಲ್ಲಿ ಇಲ್ಲದ ಅಂಚೊಂದು ಕಣ್ಣಿಗೆ ಕಂಡು, ಅಲ್ಲಿ ಏನೋ ವಿಶೇಷವಿದೆ ಎಂಬ ಭ್ರಮೆ ಹುಟ್ಟುತ್ತದೆ. ಸಪಾಟು ನಕ್ಷೆಗೆ ಚೆಂದ ಕೊಡುವ ಹಿಲ್‌ಶೇಡ್ ನೆರಳನ್ನೂ ಮೂರು ಆಯಾಮದ ದೃಶ್ಯಕ್ಕೆ ಹೊದಿಸಬಾರದು. ಆ ನೆರಳಿನ ಬೆಳಕು ವಾಯವ್ಯದಿಂದ ಬೀಳುವಂತೆ ಮೊದಲೇ ಬರೆದುಹೋಗಿರುತ್ತದೆ. ನೋಡುವವರು ದೃಶ್ಯವನ್ನು ತಿರುಗಿಸಿದಾಗ ಬ್ರೌಸರ್ ತಾನೇ ಚೆಲ್ಲುವ ಬೆಳಕಿಗೂ ಈ ನೆರಳಿಗೂ ತಾಳೆಯಾಗದೆ, ಹಳ್ಳ ದಿಣ್ಣೆಯಾಗಿಯೂ ದಿಣ್ಣೆ ಹಳ್ಳವಾಗಿಯೂ ತೋರುವುದುಂಟು.

ದೃಶ್ಯವನ್ನು ಕಟ್ಟುವುದು

ನಕ್ಷೆಯ ಕಿಟಕಿಯಲ್ಲಿ ಎಷ್ಟು ಜಾಗ ಕಾಣುತ್ತಿದೆಯೋ ಅಷ್ಟೇ ದೃಶ್ಯಕ್ಕೆ ಹೋಗುವುದರಿಂದ ಮೊದಲು ಬೇಕಾದ ಜಾಗವನ್ನು ಕಿಟಕಿ ತುಂಬ ತಂದುಕೊಳ್ಳಿ. ವೆಬ್ ಪಟ್ಟಿಯಿಂದ ಪ್ಲಗಿನ್ ತೆರೆದರೆ ಎಡಗಡೆ ಪದರಗಳ ಪಟ್ಟಿ, ಬಲಗಡೆ ದೃಶ್ಯದ ಮುನ್ನೋಟ ಇರುವ ಹೊಸ ಕಿಟಕಿ ಬರುತ್ತದೆ. ಡೆಮ್ (ಎತ್ತರದ ದತ್ತಾಂಶ) ಎಂಬ ಗುಂಪಿನಲ್ಲಿ ನಮ್ಮ ಪದರದ ಮುಂದೆ ಗುರುತು ಹಾಕಿದೊಡನೆ ನೆಲ ಎದ್ದು ನಿಲ್ಲುತ್ತದೆ. ಎಡಗುಂಡಿ ಒತ್ತಿ ಎಳೆದರೆ ದೃಶ್ಯ ತಿರುಗುತ್ತದೆ, ಮೌಸಿನ ಚಕ್ರದಿಂದ ಹತ್ತಿರ ದೂರವಾಗುತ್ತದೆ, ಬಲಗುಂಡಿ ಒತ್ತಿ ಎಳೆದರೆ ಪಕ್ಕಕ್ಕೆ ಸರಿಯುತ್ತದೆ.

ಪದರದ ಹೆಸರಿನ ಮೇಲೆ ಎರಡು ಸಲ ಒತ್ತಿದಾಗ ಬರುವ ಕಿಟಕಿಯಲ್ಲಿ ರೀಸ್ಯಾಂಪ್ಲಿಂಗ್ ಎಂಬ ಜಾರುಗುಂಡಿ ಇದೆ. ಅದನ್ನು ಬಲಕ್ಕೆ ಸರಿಸಿದಷ್ಟೂ ನೆಲದ ಜಾಲರಿ ಸಣ್ಣದಾಗುತ್ತದೆ, ಕಡತ ದೊಡ್ಡದಾಗುತ್ತದೆ. ಪ್ರತಿ ಚೌಕಕ್ಕೂ ಎರಡು ತ್ರಿಕೋನಗಳು ಬೇಕಾಗುವುದರಿಂದ 15.5 ಲಕ್ಷ ಚೌಕಗಳನ್ನು ಹಾಗೆಯೇ ಇಟ್ಟರೆ 31 ಲಕ್ಷ ತ್ರಿಕೋನಗಳಾಗುತ್ತವೆ. ಮೇಜಿನ ಕಂಪ್ಯೂಟರ್ ಅದನ್ನು ಸುಧಾರಿಸಿಕೊಂಡರೂ ವಿದ್ಯಾರ್ಥಿಗಳ ಮೊಬೈಲ್ ಬಿಸಿಯಾಗುತ್ತದೆ. ಆದ್ದರಿಂದ ಮೊದಲು ಮಧ್ಯದ ಹಂತದಲ್ಲಿಟ್ಟು ನೋಡಿ, ಕೊನೆಯಲ್ಲಷ್ಟೇ ಹೆಚ್ಚಿಸುವುದು ವಾಸಿ. ನೆಲದ ಹೊದಿಕೆಯಾಗಿ ನಕ್ಷೆಯ ಕಿಟಕಿಯ ಚಿತ್ರವನ್ನೇ ಆರಿಸಿದರೆ ವಿರಿಡಿಸ್ ಬಣ್ಣ ಅದರ ಮೇಲೆ ಕೂಡುತ್ತದೆ. ಪಕ್ಕದ ಗೋಡೆಗಳನ್ನು ಕಟ್ಟುವ ಆಯ್ಕೆಯನ್ನೂ ಹಾಕಿಕೊಂಡರೆ ಅಂಚುಗಳು ಕಾಗದದಂತೆ ತೇಲದೆ ದಪ್ಪವಾಗಿ ಕಾಣುತ್ತವೆ.

ಊರಿನ ಹೆಸರಿಲ್ಲದ ನೆಲ ಯಾರಿಗೂ ಗುರುತು ಹತ್ತುವುದಿಲ್ಲ. ಕ್ಯೂಜಿಐಎಸ್ ಒಳಗೆ ಬಿಂದುಗಳ ಪದರವೊಂದನ್ನು ಮಾಡಿ ಹೊಸಪೇಟೆ, ಮುನಿರಾಬಾದ್, ಆನೆಗೊಂದಿ, ಗಂಗಾವತಿ ಎಂದು ಕನ್ನಡದಲ್ಲೇ ಹೆಸರು ತುಂಬಿ, ಪ್ಲಗಿನ್ ಒಳಗೆ ಆ ಪದರಕ್ಕೆ ಲೇಬಲ್ ಚಾಲೂ ಮಾಡಿ. ಅಕ್ಷರಗಳನ್ನು ಬ್ರೌಸರೇ ಮೂಡಿಸುವುದರಿಂದ ಒತ್ತಕ್ಷರಗಳು ಒಡೆಯುವುದಿಲ್ಲ.

ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು

ದೃಶ್ಯದ ಸೆಟ್ಟಿಂಗ್ಸ್ ಒಳಗೆ ವರ್ಟಿಕಲ್ ಎಕ್ಸಾಜರೇಷನ್ ಎಂಬ ಸಂಖ್ಯೆಯೊಂದಿದೆ. ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕೆಂದು ಅದು ನಿರ್ಧರಿಸುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ವಿವೇಚನೆ ಬೇಡುವ ಸಂಖ್ಯೆ ಇದೇ. 32 ಕಿಲೋಮೀಟರ್ ಅಗಲದ ನೆಲವನ್ನು ಪರದೆಯ ಮೇಲೆ 1000 ಚುಕ್ಕೆಗಳ ಅಗಲಕ್ಕೆ ತೋರಿಸಿದರೆ, 500 ಮೀಟರ್ ಎತ್ತರದ ಗುಡ್ಡಕ್ಕೆ ಸಿಗುವುದು ಹೆಚ್ಚೆಂದರೆ 16 ಚುಕ್ಕೆ. ರಾಯಚೂರು ದೋಆಬಿನ ಎರೆಭೂಮಿಯಲ್ಲಿ 50 ಮೀಟರಿನ ಏರಿಳಿತವಷ್ಟೇ ಇರುವ ಜಾಗವನ್ನು ತೆಗೆದುಕೊಂಡರೆ ಒಂದೂವರೆ ಚುಕ್ಕೆಯ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಹಿಗ್ಗಿಸದೆ ವಿಧಿಯಿಲ್ಲ. ಆದರೆ ಹಿಗ್ಗಿಸಿದಾಗ ಇಳಿಜಾರಿನ ಕೋನ ಸುಳ್ಳಾಗುತ್ತದೆ. 20 ಡಿಗ್ರಿಯ ಇಳಿಜಾರನ್ನು ಮೂರು ಪಟ್ಟು ಹಿಗ್ಗಿಸಿದರೆ ಅದು 47 ಡಿಗ್ರಿಗೂ ಮಿಕ್ಕಿ ಕಾಣುತ್ತದೆ. ದನ ಮೇಯುವ ಓರೆಯೊಂದು ಹತ್ತಲಾರದ ಬಂಡೆಗೋಡೆಯಂತೆ ತೋರುತ್ತದೆ.

ನಾನು ಇಟ್ಟುಕೊಂಡಿರುವ ಕ್ರಮ ಹೀಗಿದೆ. ಸಂಡೂರಿನಂಥ ಗುಡ್ಡಸಾಲಿಗೆ ಎರಡು ಪಟ್ಟಿಗಿಂತ ಹೆಚ್ಚು ಬೇಡ. ಆನೆಗೊಂದಿ, ಕುರುಗೋಡಿನಂಥ ಬಯಲಿನ ನಡುವಿನ ಬಿಡಿಬಿಡಿ ಕಲ್ಲುಗುಡ್ಡಗಳಿಗೆ ಮೂರು ಸಾಕು. ಸಿಂಧನೂರು, ಮಸ್ಕಿ ಸುತ್ತಲಿನ ಬಯಲಿನಲ್ಲಿ ನೀರು ಎತ್ತ ಹರಿಯುತ್ತದೆ, ಕಾಲುವೆ ಏಕೆ ಬಳಸಿಕೊಂಡು ಸಾಗುತ್ತದೆ ಎಂಬುದನ್ನು ತೋರಿಸಬೇಕಾದಾಗ ಹತ್ತು ಪಟ್ಟಿಗೂ ಹೋಗಬಹುದು. ಆದರೆ ಅಂಥ ದೃಶ್ಯದಲ್ಲಿ ಮಸ್ಕಿಯ ಗುಡ್ಡ ಗೋಪುರದಂತೆ ಎದ್ದು ನಿಲ್ಲುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು. ಮತ್ತು ಪ್ರತಿ ಪಾಠದಲ್ಲೂ ಒಮ್ಮೆಯಾದರೂ ಈ ಸಂಖ್ಯೆಯನ್ನು ಒಂದಕ್ಕೆ ಇಳಿಸಿ, ನೆಲ ನಿಜದಲ್ಲಿ ಎಷ್ಟು ಸಪಾಟಾಗಿದೆ ಎಂದು ತೋರಿಸುವುದು ಅವಶ್ಯ.

ಜಲಾಶಯದ ಮೇಲೊಂದು ಪರೀಕ್ಷೆ

ಫೈಲ್ ಪಟ್ಟಿಯ ಎಕ್ಸ್‌ಪೋರ್ಟ್ ಟು ವೆಬ್ ಒತ್ತಿ, ಖಾಲಿ ಫೋಲ್ಡರ್ ಒಂದನ್ನು ಆರಿಸಿ, ಸ್ವಂತ ಕಂಪ್ಯೂಟರಿನಲ್ಲಿಯೇ ತೆರೆಯಲು ಅವಕಾಶ ಕೊಡುವ ಆಯ್ಕೆಗೆ ಗುರುತು ಹಾಕಿ ದೃಶ್ಯವನ್ನು ಹೊರತೆಗೆಯಿರಿ. ಆ ಗುರುತು ಇಲ್ಲದಿದ್ದರೆ ಡಿಸ್ಕಿನಿಂದ ನೇರವಾಗಿ ತೆರೆದ ಪುಟಕ್ಕೆ ಬೇರೆ ಕಡತಗಳನ್ನು ಓದಲು ಬ್ರೌಸರ್ ಬಿಡುವುದಿಲ್ಲ, ಪರದೆ ಖಾಲಿಯಾಗಿಯೇ ಉಳಿಯುತ್ತದೆ.

ಪುಟ ತೆರೆದ ಮೇಲೆ ಜಲಾಶಯದ ನೀರಿನ ಮೇಲೆ ಎಲ್ಲಿಯಾದರೂ ಒತ್ತಿ. ಆ ಬಿಂದುವಿನ ನಿರ್ದೇಶಾಂಕಗಳೂ ಎತ್ತರವೂ ಚಿಕ್ಕ ಚೌಕಟ್ಟಿನಲ್ಲಿ ಬರುತ್ತವೆ. ಕಿಲೋಮೀಟರು ಆಚೆ ಇನ್ನೊಂದು ಕಡೆ ಒತ್ತಿದರೂ ಎತ್ತರ ಅದೇ ಇರಬೇಕು, ಏಕೆಂದರೆ ಎಸ್‌ಆರ್‌ಟಿಎಂ ದತ್ತಾಂಶವನ್ನು ತಿದ್ದುವಾಗ 600 ಮೀಟರಿಗಿಂತ ಉದ್ದವಾದ ಕೆರೆ, ಜಲಾಶಯಗಳನ್ನು ಒಂದೇ ಮಟ್ಟಕ್ಕೆ ಸಮ ಮಾಡಿದ್ದಾರೆ. ಈಗ ಆ ಸಂಖ್ಯೆಯನ್ನು ತುಂಗಭದ್ರಾ ಜಲಾಶಯದ ಪೂರ್ಣಮಟ್ಟದೊಂದಿಗೆ ಹೋಲಿಸಿ. ಪೂರ್ಣಮಟ್ಟ 1633 ಅಡಿ, ಎಂದರೆ 497.74 ಮೀಟರ್. ಅಳತೆಯಾದದ್ದು ಫೆಬ್ರವರಿಯಲ್ಲಿ, ಬೆಳೆಗೆ ನೀರು ಬಿಡುವ ಕಾಲದಲ್ಲಿ. ಆದ್ದರಿಂದ ಪೂರ್ಣಮಟ್ಟಕ್ಕಿಂತ ಕೆಲವು ಮೀಟರ್ ಕಡಿಮೆ ಬಂದರೆ ಅದು ಸಹಜವೇ. ಹಲವು ಹತ್ತು ಮೀಟರ್ ಕಡಿಮೆ ಬಂದರೆ ನೀವು ಬಳಸಿರುವ ದತ್ತಾಂಶದ ಎತ್ತರ ದೀರ್ಘಗೋಳದಿಂದ ಎಣಿಸಿದ್ದೆಂದು ತಿಳಿಯಬೇಕು. ಎರಡು ಮೂರು ಪಟ್ಟು ಬಂದರೆ ಹಿಗ್ಗಿಸಿದ ಎತ್ತರವೇ ಕಡತಕ್ಕೆ ಸೇರಿಹೋಗಿದೆ. ನೀರಾವರಿ ಇಲಾಖೆಯ ದಿನದ ವರದಿಯಲ್ಲಿ, ಪತ್ರಿಕೆಯಲ್ಲಿ ಎಲ್ಲರೂ ಓದುವ ಸಂಖ್ಯೆಯೊಂದು ಹೀಗೆ ನಮ್ಮ ಇಡೀ ದೃಶ್ಯವನ್ನು ಪರೀಕ್ಷಿಸಿಕೊಡುತ್ತದೆ.

ಆದರೆ ದೃಶ್ಯದಲ್ಲಿರುವುದು ನೀರಿನ ಮೇಲ್ಮೈಯೇ ಹೊರತು ಜಲಾಶಯದ ತಳವಲ್ಲ. ರೇಡಾರ್ ಅಲೆ ನೀರಿನೊಳಕ್ಕೆ ಇಳಿಯುವುದಿಲ್ಲ. ಆರಂಭದಲ್ಲಿ 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ ಎಂಬುದನ್ನು ಈ ದತ್ತಾಂಶದಿಂದ ತೋರಿಸಲು ಆಗುವುದಿಲ್ಲ. ಅದಕ್ಕೆ ದೋಣಿಯಿಂದ ಆಳ ಅಳೆದ ಬೇರೆ ಸಮೀಕ್ಷೆ ಬೇಕು.

ಹಾಗೆಯೇ ಹಂಪಿ, ಆನೆಗೊಂದಿಗಳ ಗುಂಡುಕಲ್ಲುಗಳನ್ನು ಇಲ್ಲಿ ಹುಡುಕಬಾರದು. ಮನೆಯಷ್ಟು ದೊಡ್ಡ ಬಂಡೆಯೂ 30 ಮೀಟರಿನ ಒಂದು ಚೌಕದೊಳಗೆ ಅಡಗಿಹೋಗುತ್ತದೆ. ಒಂದರ ಮೇಲೊಂದು ಕುಳಿತ ಕಲ್ಲುಗಳು, ನಡುವಿನ ಗವಿಗಳು ಎಲ್ಲ ಸೇರಿ ಒಂದೇ ಸಂಖ್ಯೆಯಾಗುತ್ತವೆ. ಮಾತಂಗ ಪರ್ವತವೂ ಅಂಜನಾದ್ರಿಯೂ ನುಣುಪಾದ ದಿಬ್ಬಗಳಾಗಿ ಕಾಣುವುದು ಈ ಕಾರಣದಿಂದ. ಕೀಲಿಮಣೆಯಲ್ಲಿ ಡಬ್ಲ್ಯೂ ಅಕ್ಷರ ಒತ್ತಿದರೆ ನೆಲದ ಹೊದಿಕೆ ಮರೆಯಾಗಿ ಜಾಲರಿ ಮಾತ್ರ ಉಳಿಯುತ್ತದೆ. ಒಂದು ಗುಡ್ಡವನ್ನು ಎಷ್ಟು ಕಡಿಮೆ ಬಿಂದುಗಳು ಹಿಡಿದು ನಿಲ್ಲಿಸಿವೆ ಎಂಬುದು ಆಗ ಕಣ್ಣಿಗೇ ಗೊತ್ತಾಗುತ್ತದೆ.

ಸಂಡೂರು: ಎರಡು ಕಾಲದ ನೆಲ

ಈಗ ಎರಡನೆಯ ಚೌಕ. ಉತ್ತರ 14.9ರಿಂದ 15.2, ಪೂರ್ವ 76.4ರಿಂದ 76.7ರವರೆಗಿನ ಎಸ್‌ಆರ್‌ಟಿಎಂ ಮತ್ತು ಕೋಪರ್ನಿಕಸ್ ಎರಡನ್ನೂ ಇಳಿಸಿ, ಮೇಲೆ ಹೇಳಿದಂತೆ 32643 ಪದ್ಧತಿಗೆ ತನ್ನಿ. ವಾರ್ಪ್ ಮಾಡುವಾಗ ಎರಡಕ್ಕೂ ಒಂದೇ ಅಂಚು, ಒಂದೇ 30 ಮೀಟರಿನ ಚೌಕ ಕೊಡುವುದು ಇಲ್ಲಿ ಕಡ್ಡಾಯ. ಒಂದರ ಚೌಕ ಇನ್ನೊಂದರ ಚೌಕದ ಮೇಲೆ ಸರಿಯಾಗಿ ಕೂಡದಿದ್ದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ದೃಶ್ಯ ಕಟ್ಟಿ ಮೊದಲು ಸುಮ್ಮನೆ ನೋಡಿ. ವಾಯವ್ಯದಿಂದ ಆಗ್ನೇಯಕ್ಕೆ ಚಾಚಿದ ಗುಡ್ಡಸಾಲುಗಳು, ಅವುಗಳ ನಡುವೆ ಸಂಡೂರಿನ ಕಣಿವೆ, ಆ ಸಾಲುಗಳನ್ನು ಅಡ್ಡಕ್ಕೆ ಸೀಳಿಕೊಂಡು ಹೊರಬರುವ ನಾರಿಹಳ್ಳ ಕಾಣುತ್ತವೆ. ಭೀಮಗಂಡಿ, ಓಬಳಗಂಡಿ ಎಂದು ಕರೆಯುವ ಆ ಇಕ್ಕಟ್ಟಿನ ಕೊಳ್ಳಗಳನ್ನು ಸಪಾಟು ನಕ್ಷೆಯಲ್ಲಿ ಒಂದು ಗೆರೆಯಾಗಿ ನೋಡುವುದಕ್ಕೂ, ಹಳ್ಳದ ಪಾತಳಿಯ ಮಟ್ಟಕ್ಕೆ ಕಣ್ಣನ್ನು ಇಳಿಸಿ ಎರಡು ಬದಿಯ ಗೋಡೆಗಳ ನಡುವೆ ನೋಡುವುದಕ್ಕೂ ಬಹಳ ಅಂತರವಿದೆ. ಕಬ್ಬಿಣದ ಅದಿರನ್ನು ಹೊತ್ತ ಗಟ್ಟಿ ಪಟ್ಟೆಶಿಲೆ ಸವೆಯದೆ ಏಣಾಗಿ ನಿಂತಿದೆ, ಅದರ ಪಕ್ಕದ ಮೆತ್ತನೆಯ ಶಿಲೆ ಸವೆದು ಕಣಿವೆಯಾಗಿದೆ. ಈ ಒಂದು ವಾಕ್ಯವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡದೆ ಕಣ್ಣಾರೆ ಕಾಣಲಿ ಎಂಬುದೇ ಈ ಶ್ರಮದ ಉದ್ದೇಶ.

ಆಮೇಲೆ ಹೋಲಿಕೆ. ರಾಸ್ಟರ್ ಕ್ಯಾಲ್ಕುಲೇಟರ್ ತೆರೆದು ಕೋಪರ್ನಿಕಸ್ ಪದರದಿಂದ ಎಸ್‌ಆರ್‌ಟಿಎಂ ಪದರವನ್ನು ಕಳೆಯಿರಿ. ಬರುವ ಹೊಸ ಪದರದಲ್ಲಿ ಋಣ ಸಂಖ್ಯೆ ಎಂದರೆ ನೆಲ ತಗ್ಗಿದೆ, ಧನ ಸಂಖ್ಯೆ ಎಂದರೆ ಏರಿದೆ. ಎಸ್‌ಆರ್‌ಟಿಎಂ ಅಳೆದದ್ದು 2000ದಲ್ಲಿ. ಅದಿರಿನ ಬೇಡಿಕೆ ಏರಿ ಗಣಿಗಾರಿಕೆ ಭರದಿಂದ ಬೆಳೆದದ್ದು ಅದರ ನಂತರ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯ ತಡೆದದ್ದು 2011ರ ಜುಲೈ 29ರಂದು. ಕೋಪರ್ನಿಕಸ್ ಅಳತೆಗಳು ಆ ದಿನಾಂಕದ ಹಿಂದೆ ಮುಂದೆ ಹರಡಿಕೊಂಡಿವೆ. ಹೀಗೆ ಆ ಒಂದು ದಶಕದಲ್ಲಿ ಗುಡ್ಡದ ನೆತ್ತಿಯಲ್ಲಿ ಎಷ್ಟು ತೋಡಲಾಯಿತು, ತೋಡಿದ ಮಣ್ಣು ಯಾವ ಮಗ್ಗುಲಲ್ಲಿ ದಿಬ್ಬವಾಗಿ ಬಿತ್ತು ಎಂಬುದು ಈ ವ್ಯತ್ಯಾಸದ ಪದರದಲ್ಲಿ ಸಿಗುತ್ತದೆ.

ಇಲ್ಲಿ ಅವಸರ ಕೂಡದು. ಎಸ್‌ಆರ್‌ಟಿಎಂ ಯೋಜನೆ ಇಟ್ಟುಕೊಂಡ ಗುರಿಯೇ ನೂರರಲ್ಲಿ 90 ಕಡೆ ದೋಷ 16 ಮೀಟರಿನೊಳಗೆ ಇರಬೇಕು ಎಂಬುದು. ಕೋಪರ್ನಿಕಸ್ ವಿಷಯದಲ್ಲಿ ಅದು 4 ಮೀಟರ್. ಆದ್ದರಿಂದ ಋಣ 15ರಿಂದ ಧನ 15ರವರೆಗಿನ ವ್ಯತ್ಯಾಸವನ್ನು ಪೂರ್ತಿ ಪಾರದರ್ಶಕವಾಗಿಸಿ, ಅದಕ್ಕೂ ಮೀರಿ ತಗ್ಗಿದ ಜಾಗಕ್ಕೆ ಕೆಂಪು, ಏರಿದ ಜಾಗಕ್ಕೆ ನೀಲಿ ಬಣ್ಣ ಕೊಡಿ. ಕೆಳಗೆ ಕೋಪರ್ನಿಕಸ್ ಪದರಕ್ಕೆ ತಿಳಿಬೂದು ಬಣ್ಣವಿರಲಿ. ಎರಡನ್ನೂ ನಕ್ಷೆಯ ಕಿಟಕಿಯಲ್ಲಿ ಕಾಣುವಂತೆ ಇಟ್ಟು, ಕೋಪರ್ನಿಕಸ್ ನೆಲದ ಮೇಲೆ ಆ ಚಿತ್ರವನ್ನು ಹೊದಿಸಿ.

ಕಾಣುವ ಕೆಂಪೆಲ್ಲ ಗಣಿಯ ಹೊಂಡವಲ್ಲ. ಎರಡು ಪದರಗಳು ಅರ್ಧ ಚೌಕದಷ್ಟು ಆಚೀಚೆಯಾಗಿದ್ದರೂ ಕಡಿದಾದ ಏಣಿನ ಒಂದು ಮಗ್ಗುಲು ಉದ್ದಕ್ಕೂ ಕೆಂಪಾಗಿ, ಎದುರು ಮಗ್ಗುಲು ಉದ್ದಕ್ಕೂ ನೀಲಿಯಾಗಿ ಕಾಣುತ್ತದೆ. ಇಡೀ ಗುಡ್ಡಸಾಲಿನಲ್ಲಿ ಒಂದೇ ದಿಕ್ಕಿನ ಮಗ್ಗುಲುಗಳಿಗೆಲ್ಲ ಒಂದೇ ಬಣ್ಣ ಬಂದಿದ್ದರೆ ಅದು ಈ ಜರುಗಿಕೆಯ ಗುರುತು. ಕಾಡಿನ ಮೇಲೂ ಎಚ್ಚರ ಬೇಕು. ಎರಡೂ ರೇಡಾರುಗಳು ಅಳೆಯುವುದು ಬರಿಯ ನೆಲವನ್ನಲ್ಲ, ಮರಗಳ ತಲೆಯ ಹತ್ತಿರದ ಮಟ್ಟವನ್ನು. ಜೊತೆಗೆ ಎರಡರ ಅಲೆಯುದ್ದವೂ ಬೇರೆ, ಎಸ್‌ಆರ್‌ಟಿಎಂನದು ಸುಮಾರು 5.6 ಸೆಂಟಿಮೀಟರ್, ಟ್ಯಾನ್‌ಡೆಮ್-ಎಕ್ಸ್‌ನದು ಸುಮಾರು 3.1. ನಿಜವಾದ ಹೊಂಡವಾದರೆ ಕೆಂಪು ಒಂದೇ ಕಡೆ ಗುಂಪಾಗಿ ಕೂಡಿರುತ್ತದೆ, ನಡುವಿನ ತಳ ಸಪಾಟಾಗಿರುತ್ತದೆ, ಅಂಚು ನೇರ ನೇರವಾಗಿ ಕತ್ತರಿಸಿದಂತಿರುತ್ತದೆ, ಮತ್ತು ಸಮೀಪದ ಇಳಿಜಾರಿನಲ್ಲಿ ಬೀಸಣಿಗೆಯಾಗಿ ಹರಡಿದ ನೀಲಿ ಡಂಪ್ ಇರುತ್ತದೆ. ಉಪಗ್ರಹದ ಬಣ್ಣದ ಚಿತ್ರವನ್ನು ಅದೇ ಜಾಗದಲ್ಲಿ ಪಕ್ಕಕ್ಕಿಟ್ಟು ನೋಡಿದರೆ ಸಂಶಯ ಬಹುಪಾಲು ತೀರುತ್ತದೆ.

ಹೊಂಡದ ಗಾತ್ರವನ್ನು ಅಂದಾಜು ಮಾಡುವ ಲೆಕ್ಕ ಸುಲಭ. ಒಂದು ಚೌಕದ ವಿಸ್ತೀರ್ಣ 900 ಚದರ ಮೀಟರ್. ಉದಾಹರಣೆಗೆ 100 ಚೌಕಗಳು ಸರಾಸರಿ 40 ಮೀಟರ್ ತಗ್ಗಿದ್ದರೆ ಅಲ್ಲಿಂದ ಹೋದದ್ದು 36 ಲಕ್ಷ ಘನ ಮೀಟರ್. ಸರಾಸರಿಯಲ್ಲಿ 5 ಮೀಟರ್ ತಪ್ಪಿದರೂ ನಾಲ್ಕೂವರೆ ಲಕ್ಷ ಘನ ಮೀಟರ್ ಹೆಚ್ಚು ಕಡಿಮೆಯಾಗುತ್ತದೆಂಬುದನ್ನು ಉತ್ತರದ ಪಕ್ಕದಲ್ಲಿಯೇ ಬರೆಸಿ. ಇದು ಕಲಿಕೆಗೆ ಸಾಕು. ಯಾವುದೋ ಒಂದು ಗಣಿಯ ಮೇಲೆ ದೂರು ಹೊರಿಸಲು ಈ ದತ್ತಾಂಶ ಸಾಲದು. ಅದಕ್ಕೆ ಸ್ಥಳದಲ್ಲಿ ಮಾಡಿದ ಸರ್ವೆ ಬೇಕು.

ಇತರರಿಗೆ ಕೊಡುವುದು

ಹೊರತೆಗೆದ ಫೋಲ್ಡರಿನಲ್ಲಿ ಇಂಡೆಕ್ಸ್ ಪುಟದೊಂದಿಗೆ ದತ್ತಾಂಶದ ಮತ್ತು ಜಾವಾಸ್ಕ್ರಿಪ್ಟಿನ ಉಪಫೋಲ್ಡರುಗಳೂ ಇರುತ್ತವೆ. ಪೆನ್‌ಡ್ರೈವಿಗೆ ಹಾಕುವಾಗ ಇಡೀ ಫೋಲ್ಡರನ್ನೇ ಹಾಕಬೇಕು, ಪುಟವೊಂದನ್ನೇ ಒಯ್ದರೆ ಏನೂ ಕಾಣುವುದಿಲ್ಲ. ಗಿಟ್‌ಹಬ್ ಪೇಜಸ್‌ನಂಥ ಉಚಿತ ತಾಣಕ್ಕೆ ಏರಿಸಿದರೆ ವಾಟ್ಸ್ಆ್ಯಪ್‌ನಲ್ಲಿ ಕೊಂಡಿ ಕಳಿಸಿ ಎಲ್ಲರ ಮೊಬೈಲಿನಲ್ಲೂ ತೆರೆಸಬಹುದು. ಮೊಬೈಲಿಗೆಂದೇ ರೀಸ್ಯಾಂಪ್ಲಿಂಗ್ ಕಡಿಮೆ ಮಾಡಿದ ಎರಡನೆಯ ಪ್ರತಿಯನ್ನು ಹೊರತೆಗೆದಿಡುವುದು ಉತ್ತಮ.

ಹೊರತೆಗೆಯುವ ಮೊದಲು ಡೆಕೊರೇಷನ್ಸ್ ಎಂಬಲ್ಲಿ ಉತ್ತರ ದಿಕ್ಕಿನ ಬಾಣವನ್ನೂ ಅಡಿಬರಹವನ್ನೂ ಚಾಲೂ ಮಾಡಿ. ದೃಶ್ಯ ತಿರುಗಿದ ಮೇಲೆ ಬಾಣವಿಲ್ಲದೆ ಬಳ್ಳಾರಿ ಎತ್ತ, ಕೊಪ್ಪಳ ಎತ್ತ ಎಂದು ಯಾರಿಗೂ ತಿಳಿಯುವುದಿಲ್ಲ. ಅಡಿಬರಹವನ್ನು ಕನ್ನಡದಲ್ಲೇ ಬರೆಯಬಹುದು. ಸಂಡೂರಿನ ದೃಶ್ಯಕ್ಕೆ ಅದು ಹೀಗಿರಲಿ: “ನೆಲ: ಕೋಪರ್ನಿಕಸ್ 30 ಮೀಟರ್, ಅಳತೆ 2010ರಿಂದ 2015. ಬಣ್ಣ: 2000ದ ಎಸ್‌ಆರ್‌ಟಿಎಂಗೆ ಹೋಲಿಸಿದ ವ್ಯತ್ಯಾಸ, 15 ಮೀಟರಿಗಿಂತ ಕಡಿಮೆ ಇದ್ದದ್ದನ್ನು ತೋರಿಸಿಲ್ಲ. ಎತ್ತರವನ್ನು ಎರಡು ಪಟ್ಟು ಹಿಗ್ಗಿಸಿದೆ.” ಕೋಪರ್ನಿಕಸ್ ದತ್ತಾಂಶವನ್ನು ಬಳಸಿದವರು ಅದರ ಮೂಲವನ್ನು ಕಾಣಿಸಬೇಕೆಂಬುದು ಪರವಾನಗಿಯ ಷರತ್ತೂ ಹೌದು. ಹಿಗ್ಗಿಸಿದ ಪಟ್ಟನ್ನು ಆಮೇಲೆ ಬದಲಿಸಿದರೆ ಅಡಿಬರಹ ತಾನಾಗಿ ಬದಲಾಗುವುದಿಲ್ಲ; ಪ್ರತಿ ಸಲ ಹೊರತೆಗೆಯುವ ಮುನ್ನ ಅದನ್ನು ನಾವೇ ಓದಿ ತಿದ್ದಬೇಕು.